ಸ್ಪ್ಯಾನಿಷ್ ಕ್ರಿಯಾಪದ ಕಲಿಯುವ ಕನ್ನಡಿಗರಿಗೆ: ಮಾಡಬೇಕಾದ್ದು, ಮಾಡಬಾರದ್ದು

ರೂಪದ ಜೊತೆಗೇ ಒತ್ತನ್ನೂ ಕಲಿಯಿರಿ. ಮೊದಲ ಸಿಲಬಲ್ ಒತ್ತಿ ‘ಅಬ್ಲೊ’ ಎಂದರೆ ‘ಮಾತಾಡುತ್ತೇನೆ’. ಕೊನೆಯದನ್ನು ಒತ್ತಿದರೆ ‘ಅವನು ಮಾತಾಡಿದ’. ಒತ್ತು ಜಾರಿದರೆ ಕಾಲವೂ ಕೆಟ್ಟಿತು, ಕರ್ತೃವೂ ಕೆಟ್ಟ.

ಒತ್ತನ್ನು ದೀರ್ಘವಾಗಿ ಎಳೆಯಬೇಡಿ. ನಮ್ಮಲ್ಲಿ ಹ್ರಸ್ವ-ದೀರ್ಘ ಅರ್ಥವನ್ನೇ ಬದಲಿಸುತ್ತದೆ. ಸ್ಪ್ಯಾನಿಷಿನಲ್ಲಿ ಆ ಭೇದವೇ ಇಲ್ಲ. ಅದಕ್ಕೇ ಇಲ್ಲಿ ಸ್ವರಗಳನ್ನೆಲ್ಲ ಹ್ರಸ್ವವಾಗಿ ಬರೆದಿದೆ.

ಪದ ಸ್ವರದಲ್ಲೋ ಎನ್, ಎಸ್‌ಗಳಲ್ಲೋ ಮುಗಿದರೆ ಕೊನೆಯದರ ಹಿಂದಿನ ಸಿಲಬಲ್ ಒತ್ತಿ, ಇಲ್ಲವಾದರೆ ಕೊನೆಯದನ್ನು. ಈ ನಿಯಮ ಮೀರಿದ ಕಡೆ ಸ್ವರದ ತಲೆಯ ಮೇಲೆ ಓರೆಗೆರೆ ಬೀಳುತ್ತದೆ. ಬರೆಯುವಾಗ ಅದನ್ನು ಬಿಡಲೇಬೇಡಿ. ಆದರೆ ‘ಫ್ವೆ’, ‘ವ್ಯೊ’, ‘ದ್ಯೊ’ ಒಂದೇ ಸಿಲಬಲ್‌ನವು, ಅವಕ್ಕೆ ಗೆರೆ ಬೇಡ. ಹಳೆಯ ಪುಸ್ತಕಗಳಲ್ಲಿ ಕಂಡರೆ ನಕಲು ಮಾಡಬೇಡಿ. 1959ರಿಂದ ಅದು ತಪ್ಪು.

ಉಚ್ಚಾರದ ತುಂಡನ್ನೂ ವ್ಯಾಕರಣದ ತುಂಡನ್ನೂ ಒಂದೆಂದು ತಿಳಿಯಬೇಡಿ. ‘ಹಾಡುತ್ತಿದ್ದೆವು’ ಎಂಬರ್ಥದ ‘ಕಂತಬಮೊಸ್’ ಬಾಯಲ್ಲಿ ಕನ್-ತ-ಬ-ಮೊಸ್, ಒತ್ತು ‘ತ’ದ ಮೇಲೆ. ವ್ಯಾಕರಣ ಬಿಡಿಸಿದರೆ ಕಂತ್-ಅ-ಬ-ಮೊಸ್: ಧಾತು, ಅದರ ಗಣದ ಸ್ವರ, ಕಾಲ, ಕೊನೆಗೆ ‘ನಾವು’. ಧಾತು ಮೊದಲು, ಕಾಲ ಆಮೇಲೆ, ಪುರುಷ ಕೊನೆಗೆ. ಈ ಸಾಲು ಕನ್ನಡದ್ದೂ ಹೌದು. ಕೋಷ್ಟಕ ಉರು ಹೊಡೆಯುವ ಬದಲು ಹೀಗೆ ಬಿಡಿಸಿ ನೋಡಿ.

‘ಸಾಧ್ಯವಾಗು’ ಎಂಬರ್ಥದ ‘ಪೊದೆರ್’ ಅಡ್ಡಾದಿಡ್ಡಿ ಎಂದು ಹೆದರಬೇಡಿ. ಧಾತುವಿನ ‘ಒ’ ಮೇಲೆ ಒತ್ತು ಬಿದ್ದಾಗ ಮಾತ್ರ ಅದು ‘ವೆ’ ಆಗುತ್ತದೆ: ‘ಪ್ವೆದೊ’, ‘ಪ್ವೆದೆನ್’. ಒತ್ತು ಮುಂದೆ ಸರಿದ ‘ಪೊದೆಮೊಸ್’ನಲ್ಲಿ ‘ಒ’ ಹಾಗೇ ಉಳಿಯುತ್ತದೆ. ‘ನಿನಗೆ ಸಾಧ್ಯ’ ಎನ್ನಲು ಸ್ಪೇನಿನವರು ‘ತು ಪ್ವೆದೆಸ್’ ಎನ್ನುವಲ್ಲಿ ಅರ್ಜೆಂಟೀನಾದವರು ‘ವೊಸ್ ಪೊದೆಸ್’ ಎನ್ನುವುದೂ ಇದರಿಂದಲೇ: ಅವರ ಒತ್ತು ಕೊನೆಗೆ. ಅದನ್ನು ತಪ್ಪೆಂದು ತಿದ್ದಲು ಹೋಗಬೇಡಿ! ಹಾಗೆಂದು ‘ಒ’ ಇರುವ ಧಾತುಗಳನ್ನೆಲ್ಲ ಹೀಗೆ ಬದಲಿಸಲೂ ಬೇಡಿ. ‘ತಿನ್ನು’ ಎಂಬರ್ಥದ ‘ಕೊಮೆರ್’ ಬದಲಾಗದು, ‘ಕೊಮೊ’ ಎಂದೇ ಹೇಳಿ.

ಅದೇ ‘ಕೊಮೆರ್’ನ ‘ಕೊ-ಮಿ-ಅ’ ಮೂರು ಸಿಲಬಲ್. ‘ಕೊಮ್ಯ’ ಎಂದು ನುಂಗಬೇಡಿ. ‘ಇ’ ಮೇಲಿನ ಗೆರೆ ಇರುವುದೇ ಎರಡು ಸ್ವರಗಳನ್ನು ಬೇರೆಯಾಗಿಡಲು.

ಸರ್ವನಾಮ ಅಂಟಿಸಿದಾಗ ಒತ್ತನ್ನು ಹಿಂದೆ ಮುಂದೆ ತಳ್ಳಬೇಡಿ. ‘ದ’ ಎಂದರೆ ‘ಕೊಡು’. ‘ನನಗೆ’, ‘ಅದನ್ನು’ ಸೇರಿ ‘ದಮೆಲೊ’ ಆದಾಗಲೂ ಒತ್ತು ‘ದ’ದ ಮೇಲೇ. ಒಂಟಿಯಾಗಿದ್ದಾಗ ಗೆರೆ ಬೇಡದ ‘ದ’ಕ್ಕೆ ಈಗ ಗೆರೆ ಬೇಕು, ಒತ್ತು ಕೊನೆಯಿಂದ ಮೂರನೆಯದಕ್ಕೆ ಬಂದಿದೆಯಲ್ಲ.