ಕೊಟ್ಟಿಗೆಯ ಸಂಸಾರ

ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಪಟ್ಟಣಕ್ಕೆ ಸಮೀಪದಲ್ಲಿರುವ ಬಬ್ಬೂರು ಬಯಲುಸೀಮೆಯ ಒಂದು ಗ್ರಾಮ. ಜಿಲ್ಲೆಯ ರೈತರು ಈ ಹೆಸರನ್ನು ಹೆಚ್ಚಾಗಿ ಕೇಳಿರುವುದು ‘ಬಬ್ಬೂರು ಫಾರಂ’ ಎಂಬ ರೂಪದಲ್ಲಿ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಶೋಧನಾ ಕೇಂದ್ರವೂ ಕೃಷಿ ವಿಜ್ಞಾನ ಕೇಂದ್ರವೂ ಅಲ್ಲಿವೆ. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿರುವ ವಿಜ್ಞಾನಿಗಳು ಈ ಸೀಮೆಯನ್ನು ಮಧ್ಯ ಒಣ ವಲಯಕ್ಕೆ ಸೇರಿಸಿದ್ದಾರೆ. ‘ಒಣ’ ಎಂಬ ಆ ಒಂದು ಮಾತಿನಲ್ಲಿಯೇ ಇಲ್ಲಿನ ಕೊಟ್ಟಿಗೆಗಳ ಸುಖದುಃಖವೆಲ್ಲ ಅಡಗಿದೆ.

ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯಲ್ಲಿ 1897ರಲ್ಲಿ ಆರಂಭವಾದ ಅಣೆಕಟ್ಟಿನ ಕೆಲಸ 1907ರಲ್ಲಿ ಮುಗಿದು ವಾಣಿವಿಲಾಸ ಸಾಗರವಾಯಿತು. ಅದರ ನಾಲೆಯ ಕೆಳಗೆ ತೆಂಗು ಅಡಕೆಗಳ ತಂಪು ನೆರಳು. ನಾಲೆಯ ನೀರು ಮುಟ್ಟದ ಹೊಲಗಳಿಗೆ ಆಕಾಶವೇ ಗತಿ. ಆ ಸಾಗರವಾದರೂ ಎಷ್ಟು ಸಲ ತುಂಬಿತು? 1933ರಲ್ಲಿ ಕೋಡಿ ಬಿದ್ದದ್ದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಿನ ಎಂಬತ್ತೊಂಬತ್ತು ವರ್ಷಗಳಲ್ಲಿ ಮೂರು ತಲೆಮಾರಿನ ರೈತರು ಮುಗಿಲು ನೋಡುತ್ತಲೇ ದನ ಸಾಕಿದರು.

ಎರಡು ಮೂರು ಎಕರೆಯ ಒಂದು ಸಂಸಾರವನ್ನು ತೆಗೆದುಕೊಳ್ಳೋಣ. ಕೊಟ್ಟಿಗೆಯಲ್ಲಿ ಒಂದು ಹಸು, ಅದರ ಕರು, ಒಂದು ಪಡ್ಡೆ. ಹಿತ್ತಿಲಿನ ರೊಪ್ಪದಲ್ಲಿ ಐದಾರು ಕುರಿ. ಹಿಂದೆ ಒಂದು ಜೊತೆ ಎತ್ತೂ ಇರುತ್ತಿದ್ದವು. ಈಗ ಅನೇಕ ಮನೆಗಳಲ್ಲಿ ಉಳುಮೆಗೆ ಬಾಡಿಗೆಯ ಟ್ರ್ಯಾಕ್ಟರು ಬರುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಆ ತಳಿಯ ದನಗಳಿಗಾಗಿ ಮೀಸಲಿಟ್ಟ ಹುಲ್ಲುಗಾವಲುಗಳು ಈ ಜಿಲ್ಲೆಯಲ್ಲಿಯೂ ಇದ್ದವು. ಅಂತಹ ನಾಡಿನಲ್ಲಿ ಎತ್ತಿಲ್ಲದ ಕೊಟ್ಟಿಗೆಯನ್ನು ಕಾಣುವಾಗ ಹಳಬರಿಗೆ ಮನಸ್ಸು ಮುದುಡುವುದು ಸಹಜವೇ.

ಮನೆಯಲ್ಲಿ ಮೊದಲು ಎಚ್ಚರವಾಗುವುದು ಕೊಟ್ಟಿಗೆಗೆ. ಕತ್ತಲು ಹರಿಯುವ ಮುನ್ನವೇ ಮನೆಯೊಡತಿ ಸಗಣಿ ಬಾಚಿ ತಿಪ್ಪೆಗೆ ಹಾಕಿ, ಗಂಜಲ ನಿಂತ ಜಾಗವನ್ನು ಗುಡಿಸಿ, ಗೋದಲಿಗೆ ಒಂದು ತೆಕ್ಕೆ ಹುಲ್ಲು ಹಾಕುತ್ತಾಳೆ. ಕರುವನ್ನು ಕಣ್ಣಿಯಿಂದ ಬಿಟ್ಟರೆ ಅದು ಕೆಚ್ಚಲಿಗೆ ತಲೆಯಿಂದ ಗುದ್ದುತ್ತದೆ. ಹಸು ಸೊರೆ ಬಿಡುತ್ತದೆ. ಕರುವನ್ನು ಪಕ್ಕಕ್ಕೆ ಕಟ್ಟಿ, ಕೆಚ್ಚಲು ತೊಳೆದು, ಹಾಲು ಕರೆದು, ಮನೆಗೆ ಬೇಕಾದಷ್ಟು ಇಟ್ಟುಕೊಂಡು ಉಳಿದುದನ್ನು ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಯ್ಯಬೇಕು. ಅಲ್ಲಿ ಕೊಬ್ಬಿನ ಅಂಶವನ್ನು ಅಳೆದ ಮೇಲೆ ಬೆಲೆ. ಮಳೆ ಬೆಳೆ ಎರಡೂ ಕೈಕೊಟ್ಟ ವರ್ಷ ಆ ಹಾಲಿನ ಹಣವೇ ಮಕ್ಕಳ ಪುಸ್ತಕವಾಗುತ್ತದೆ, ಅಂಗಡಿಯ ಉಪ್ಪಾಗುತ್ತದೆ.

ಈ ದಿನಚರಿಯಲ್ಲಿ ಎಲ್ಲಕ್ಕಿಂತ ನಾಜೂಕಾದ ಗಳಿಗೆ ಹಸು ಈಯುವ ಗಳಿಗೆ. ಕರು ನೆಲಕ್ಕೆ ಬಿದ್ದು, ತಾಯಿ ಅದನ್ನು ನೆಕ್ಕಿ, ಅದು ನಡುಗುವ ಕಾಲುಗಳ ಮೇಲೆ ಎದ್ದು ನಿಲ್ಲುತ್ತದೆ. “ಮಾಸು ಬೀಳಲಿ, ತಡೆಯಪ್ಪ. ಕರು ಎಲ್ಲಿಗೆ ಓಡಿಹೋಗುತ್ತೆ?” ಎಂದು ಅಜ್ಜಿ ಹೇಳುವುದು ಹಳೆಯ ರೂಢಿ. ಮಾಸು ಬೀಳುವುದಕ್ಕೆ ಎಂಟು ಹತ್ತು ಗಂಟೆಗಳೂ ಆಗಬಹುದು. ಅಷ್ಟು ಹೊತ್ತು ಕಾಯುವುದರಲ್ಲಿ ಅಪಾಯವಿದೆ. ಮನುಷ್ಯನ ಶಿಶು ಗರ್ಭದಲ್ಲಿರುವಾಗಲೇ ತಾಯಿಯ ರಕ್ತದಿಂದ ರೋಗನಿರೋಧಕ ಶಕ್ತಿಯ ಪಾಲನ್ನು ಪಡೆದಿರುತ್ತದೆ. ದನದ ಕರುವಿಗೆ ಆ ಭಾಗ್ಯವಿಲ್ಲ. ತಾಯಿಯ ರಕ್ಷಣೆಯೆಲ್ಲ ಅದಕ್ಕೆ ಗಿಣ್ಣುಹಾಲಿನ ಮೂಲಕವೇ ಬರಬೇಕು. ಆ ಹಾಲಿನಲ್ಲಿರುವ ರಕ್ಷಕ ವಸ್ತುಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಹುಟ್ಟಿದ ಮೊದಲ ಗಂಟೆಗಳಲ್ಲಿ ಮಾತ್ರ ಚೆನ್ನಾಗಿರುತ್ತದೆ. ಗಂಟೆಗಂಟೆಗೂ ಕುಗ್ಗುತ್ತಾ ಒಂದು ದಿನ ಕಳೆಯುವಷ್ಟರಲ್ಲಿ ಆ ಬಾಗಿಲು ಮುಚ್ಚಿಹೋಗುತ್ತದೆ. ಆದಕಾರಣ ಕರು ಎದ್ದು ನಿಂತ ಕೂಡಲೇ, ಒಂದು ಗಂಟೆಯೊಳಗೆ, ಅದಕ್ಕೆ ಗಿಣ್ಣು ಕುಡಿಸಬೇಕು. ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಭಾಗದಷ್ಟು, ಅಂದರೆ ಇಪ್ಪತ್ತು ಕಿಲೋ ತೂಗುವ ಕರುವಿಗೆ ಎರಡು ಲೀಟರು, ಎರಡು ಮೂರು ಸಲವಾಗಿ ಸಿಗಬೇಕು. ಇದರಲ್ಲಿ ಇನ್ನೊಂದು ವಿಶೇಷವುಂಟು. ಕರು ಮೊಲೆಯುಣ್ಣುವಾಗ ತಾಯಿಯ ಗರ್ಭಕೋಶ ಸಂಕೋಚಗೊಳ್ಳುತ್ತದೆ; ಅದರಿಂದ ಮಾಸು ಬೀಳುವುದಕ್ಕೂ ನೆರವಾಗುತ್ತದೆ. ಅಜ್ಜಿ ಯಾವುದಕ್ಕಾಗಿ ಕಾಯಲು ಹೇಳಿದಳೋ ಅದು ಕಾಯದೆ ಇದ್ದರೇ ಬೇಗ ಆಗುತ್ತದೆ. ನೆರೆಹೊರೆಯವರಿಗೆ ಗಿಣ್ಣು ಹಂಚುವುದು ನಮ್ಮ ಹಳ್ಳಿಗಳ ಸೊಗಸಾದ ಪದ್ಧತಿ. ಕರುವಿನ ಪಾಲು ಮುಗಿದ ಮೇಲೆ ಹಂಚಿದರೆ ಅದರ ಸೊಗಸು ಕಡಿಮೆಯಾಗದು.

ಹೊತ್ತೇರಿದ ಮೇಲೆ ಮೇವಿನ ಚಿಂತೆ. ಮುನ್ನೂರು ಕಿಲೋ ತೂಗುವ ಒಂದು ಹಸುವಿಗೆ ನೀರಿನ ಅಂಶ ಕಳೆದು ದಿನಕ್ಕೆ ಸುಮಾರು ಏಳೂವರೆ ಕಿಲೋ ಮೇವು ಬೇಕು. ಸುಗ್ಗಿ ಮುಗಿದು ಮುಂದಿನ ಮಳೆಗೆ ಹಸಿರು ಚಿಗುರುವವರೆಗೆ ಏಳು ತಿಂಗಳು ಎಂದು ಹಿಡಿದರೆ, ಎರಡು ರಾಸುಗಳಿಗೆ ಮೂರು ಸಾವಿರ ಕಿಲೋಗೂ ಮಿಕ್ಕಿ ಒಣಮೇವನ್ನು ಕೂಡಿಡಬೇಕಾಗುತ್ತದೆ. ಮನೆಯ ಪಕ್ಕದ ರಾಗಿಹುಲ್ಲಿನ ಬಣವೆ ಈ ಲೆಕ್ಕದ ಪುಸ್ತಕ. ಬಲ್ಲ ರೈತನು ಯುಗಾದಿಯ ಹೊತ್ತಿಗೆ ಬಣವೆಯ ಎತ್ತರವನ್ನು ನೋಡಿಯೇ ವರ್ಷ ಹೇಗೆ ಕಳೆದೀತೆಂದು ಹೇಳಬಲ್ಲನು. ಶೇಂಗಾ ಹೊಟ್ಟು, ಹುರುಳಿ ಹೊಟ್ಟು, ಜೋಳದ ಸೊಪ್ಪೆ ಇವೆಲ್ಲ ಆ ಪುಸ್ತಕದ ಸಣ್ಣ ಪುಟಗಳು.

ಜೋಳದ ವಿಷಯದಲ್ಲಿ ಒಂದು ಕ್ರೂರವಾದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಮುಂಗಾರು ಒಂದು ಹದ ಸುರಿದು ಮಾಯವಾಗುತ್ತದೆ. ಬಣವೆ ಬುಡ ಕಂಡಿದೆ. ಗೋಮಾಳದಲ್ಲಿ ಗರಿಕೆಯೂ ಇಲ್ಲ. ಊರಿನಲ್ಲಿ ಹಸಿರಾಗಿ ಕಾಣುವುದು ಮೊಣಕಾಲೆತ್ತರದ ಜೋಳದ ಪೈರೊಂದೇ, ಅದೂ ಬಾಡಿದೆ. ಹಸಿದ ದನ ಹಗ್ಗ ಕಿತ್ತುಕೊಂಡು ಹೋಗಿ ಅದಕ್ಕೆ ಬಾಯಿ ಹಾಕುತ್ತದೆ. ಎಳೆಯ ಜೋಳದಲ್ಲಿ, ಅದರಲ್ಲಿಯೂ ನೀರಿಲ್ಲದೆ ಬಾಡಿದ ಪೈರಿನಲ್ಲಿ ಮತ್ತು ಕೊಯ್ದ ಮೇಲೆ ಚಿಗುರಿದ ಕೂಳೆಯಲ್ಲಿ, ಸಯನೈಡನ್ನು ಹುಟ್ಟಿಸುವ ಒಂದು ವಸ್ತು ಇರುತ್ತದೆ. ದನ ಅದನ್ನು ಅಗಿದು ನುಂಗಿದಾಗ ವಿಷ ಬಿಡುಗಡೆಯಾಗುತ್ತದೆ. ರಕ್ತದಲ್ಲಿ ಪ್ರಾಣವಾಯು ಇದ್ದರೂ ದೇಹದ ಕಣಗಳು ಅದನ್ನು ಬಳಸಿಕೊಳ್ಳಲಾರವು. ದನ ಏದುಸಿರು ಬಿಡುತ್ತದೆ, ತೂರಾಡುತ್ತದೆ, ಬೀಳುತ್ತದೆ. ಕೆಲವು ವೇಳೆ ಒಡೆಯ ಓಡಿ ಬರುವುದರೊಳಗೆ ಎಲ್ಲ ಮುಗಿದಿರುತ್ತದೆ. ಪಶುವೈದ್ಯರು ಸಕಾಲದಲ್ಲಿ ಬಂದು ರಕ್ತನಾಳಕ್ಕೆ ಮದ್ದು ಕೊಟ್ಟರೆ ಬದುಕಬಹುದು. ಅದೇ ಜೋಳ ಹೂ ಬಿಟ್ಟ ಮೇಲೆ ಬಹುಮಟ್ಟಿಗೆ ನಿರಪಾಯಕಾರಿ; ಕೊಯ್ದು ಚೆನ್ನಾಗಿ ಒಣಗಿಸಿದ ಸೊಪ್ಪೆಯಲ್ಲಿ ವಿಷ ಬಹಳಷ್ಟು ಇಳಿದಿರುತ್ತದೆ. ಹೀಗೆ ಹಸಿವು ಹೆಚ್ಚಿರುವ ಕಾಲಕ್ಕೇ ಮೇವು ವಿಷವಾಗುವುದರಿಂದ, ಬರದ ದಿನಗಳಲ್ಲಿ ದನ ಕಾಯುವ ಹುಡುಗನ ಹೊಣೆ ದೊಡ್ಡದು.

ರೋಗಗಳ ಕಥೆ ಬೇರೆ. ಒಂದು ಕಾಲಕ್ಕೆ ಊರಿಗೆ ಊರೇ ಕೊಟ್ಟಿಗೆ ಬರಿದು ಮಾಡಿಕೊಳ್ಳುತ್ತಿದ್ದ ದೊಡ್ಡರೋಗವು ಲಸಿಕೆಯ ಬಲದಿಂದ ಅಳಿಯಿತು. 2011ರಲ್ಲಿ ಜಗತ್ತೇ ಅದರಿಂದ ಮುಕ್ತವೆಂದು ಸಾರಲಾಯಿತು. ಕಾಲುಬಾಯಿ ಜ್ವರ ಇನ್ನೂ ಇದೆ. ಅದಕ್ಕೆ ಆರು ತಿಂಗಳಿಗೊಮ್ಮೆ ಲಸಿಕೆ ಹಾಕಿಸಬೇಕು. ಮಳೆ ಬಿದ್ದು ಎಳೆಹುಲ್ಲು ಬಂದಾಗ ಕುರಿಗಳಿಗೆ ತಗಲುವ ಕರುಳುಬೇನೆಗೆ ಮಳೆಗಾಲಕ್ಕೆ ಮುಂಚೆಯೇ ಲಸಿಕೆಯಾಗಿರಬೇಕು. 2022ರಲ್ಲಿ ಚರ್ಮಗಂಟು ರೋಗ ರಾಜ್ಯದಲ್ಲೆಲ್ಲ ಹರಡಿದಾಗ ದನಗಳ ಸಂತೆ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು.

ಸಂತೆಯೆಂದರೆ ರೈತನಿಗೆ ಬೇರೊಂದು ನೆನಪೂ ಬರುತ್ತದೆ. ಬರ ಬಂದ ವರ್ಷ ಎಲ್ಲರೂ ಒಟ್ಟಿಗೆ ದನ ಮಾರಲು ಹೊರಡುತ್ತಾರೆ. ಮಾರುವವರು ನೂರು, ಕೊಳ್ಳುವವರು ಹತ್ತು. ದನದ ಬೆಲೆ ನೆಲಕ್ಕಿಳಿಯುತ್ತದೆ, ಹುಲ್ಲಿನ ಬೆಲೆ ಮುಗಿಲಿಗೇರುತ್ತದೆ. ಮಳೆ ಬಂದ ಮೇಲೆ ಅಂತಹುದೇ ರಾಸು ಕೊಳ್ಳಹೋದರೆ ಮಾರಿದ ಹಣದಲ್ಲಿ ಅದರ ಕಾಲೂ ಬಾರದು. ಆದುದರಿಂದ ಪಡ್ಡೆಯನ್ನು ಮಾರಿ ಹಸುವನ್ನು ಉಳಿಸಿಕೊಳ್ಳುವುದೋ, ನಾಲ್ಕು ಕುರಿ ಮಾರಿ ಎರಡನ್ನೂ ಉಳಿಸಿಕೊಳ್ಳುವುದೋ ಎಂದು ಗಂಡ ಹೆಂಡಿರು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾರೆ. ಕುರಿಯನ್ನು ಬಡವರ ಬ್ಯಾಂಕು ಎನ್ನುವುದು ಇದರಿಂದಲೇ. ಅದೂ ಸಾಲದಾದಾಗ ಬರಗಾಲದಲ್ಲಿ ಸರ್ಕಾರ ತೆರೆಯುವ ಗೋಶಾಲೆಗೆ ದನ ಹೊಡೆದುಕೊಂಡು ಹೋಗುತ್ತಾರೆ. ಮನೆಗೊಬ್ಬರಂತೆ ಅಲ್ಲಿಯೇ ಉಳಿದು, ಹಂಚಿಕೆಯ ಹುಲ್ಲನ್ನು ಹಾಕಿ, ತೊಟ್ಟಿಗೆ ನೀರು ಬಂದಾಗ ಕುಡಿಸಿ, ರಾತ್ರಿ ತಮ್ಮ ರಾಸುಗಳ ಪಕ್ಕದಲ್ಲಿ ಕಂಬಳಿ ಹೊದ್ದು ಮಲಗುತ್ತಾರೆ.