ದೇವೀನಾಮಗಳಲ್ಲಿ ಸಮಾಸ ವಿಶೇಷಣಗಳು

ಶರನ್ನವರಾತ್ರಿಯಲ್ಲಿ ಆಸ್ತಿಕರ ಮನೆಗಳಲ್ಲಿ ದೇವಿಯ ನಾಮಾವಳಿಯನ್ನು ಪಠಿಸುವುದು ರೂಢಿ. ಆ ನಾಮಗಳಲ್ಲಿ ಹೆಚ್ಚಿನವು ಬರಿಯ ಹೆಸರುಗಳಲ್ಲ. ಎರಡು ಮೂರು ಪದಗಳು ವಿಭಕ್ತಿಪ್ರತ್ಯಯಗಳನ್ನು ತೊರೆದು ಒಂದಾಗಿ ನಿಂತ ವಿಶೇಷಣಗಳು. ಹೀಗೆ ಕೂಡುವುದೇ ಸಮಾಸ. ಅದನ್ನು ಬಿಡಿಸಿ ಅರ್ಥ ಹೇಳುವ ವಾಕ್ಯಕ್ಕೆ ವಿಗ್ರಹವಾಕ್ಯವೆಂದು ಹೆಸರು. ಪೂಜೆಗೆ ವಿಗ್ರಹವಿರುವಂತೆ ನಾಮಕ್ಕೂ ವಿಗ್ರಹವುಂಟು.

'ಮಹಿಷಾಸುರಮರ್ದಿನಿ' ಎಂದರೆ ಮಹಿಷಾಸುರನನ್ನು ಮರ್ದಿಸಿದವಳು. ಇಲ್ಲಿ ಉತ್ತರಪದವೇ ಪ್ರಧಾನವಾದುದರಿಂದ ಇದು ತತ್ಪುರುಷ. 'ಸಿಂಹವಾಹನೆ' ಎಂಬಲ್ಲಿ ಹಾಗಲ್ಲ. ದೇವಿಯು ಸಿಂಹವೂ ಅಲ್ಲ, ವಾಹನವೂ ಅಲ್ಲ. ಸಿಂಹವನ್ನು ವಾಹನವಾಗಿ ಉಳ್ಳವಳು. ಸಮಾಸದಲ್ಲಿರುವ ಎರಡು ಪದಗಳೂ ತಮ್ಮಿಂದ ಹೊರಗಿರುವ ಮೂರನೆಯ ವಸ್ತುವನ್ನು ಬೆರಳಿಟ್ಟು ತೋರಿಸುತ್ತವೆ. ಇದೇ ಬಹುವ್ರೀಹಿ. ಸಂಸ್ಕೃತದಲ್ಲಿ ನಪುಂಸಕಲಿಂಗವಾದ 'ವಾಹನ' ಶಬ್ದವೂ ಇಲ್ಲಿ ದೇವಿಯನ್ನು ಅನುಸರಿಸಿ ಸ್ತ್ರೀಲಿಂಗವನ್ನು ತಳೆಯುತ್ತದೆ.

ಒಂದೇ ಶಬ್ದವು ಎರಡು ಬಗೆಯ ಸಮಾಸವಾಗುವುದೂ ಉಂಟು. 'ಪೀತಾಂಬರವನ್ನು ತಂದನು' ಎಂದಾಗ ಹಳದಿಯ ವಸ್ತ್ರ, ಅದು ಕರ್ಮಧಾರಯ. 'ಪೀತಾಂಬರನನ್ನು ಪೂಜಿಸಿದನು' ಎಂದಾಗ ಆ ವಸ್ತ್ರವನ್ನುಟ್ಟ ವಿಷ್ಣು, ಅದು ಬಹುವ್ರೀಹಿ. ಕನ್ನಡದ ಅಚ್ಚ ಪದಗಳಲ್ಲಿಯೂ ಈ ಕ್ರಮವಿದೆ. ಕೆಂಪಾದ ಕಣ್ಣು 'ಕೆಂಗಣ್ಣು', ಅದನ್ನು ಉಳ್ಳವನು 'ಕೆಂಗಣ್ಣ'. ಮೂರು ಕಣ್ಣುಳ್ಳ ಶಿವನು 'ಮುಕ್ಕಣ್ಣ'. 13ನೆಯ ಶತಮಾನದ ಕೇಶಿರಾಜನು ತನ್ನ 'ಶಬ್ದಮಣಿದರ್ಪಣ'ದಲ್ಲಿ ಸಮಾಸಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಈ ಭೇದವು ವೈಯಾಕರಣರ ಕೇವಲ ಬುದ್ಧಿವಿಲಾಸವೆಂದು ತಿಳಿಯಲಾಗದು. ವೈದಿಕ ವಾಙ್ಮಯದಲ್ಲಿ ವೃತ್ರನ ಕಥೆ ಪ್ರಸಿದ್ಧವಾಗಿದೆ. ಮಗನಾದ ವಿಶ್ವರೂಪನನ್ನು ಇಂದ್ರನು ಕೊಂದನೆಂದು ಕ್ರುದ್ಧನಾದ ತ್ವಷ್ಟೃವು ಅಗ್ನಿಯಲ್ಲಿ ಸೋಮವನ್ನು ಸುರಿದು, 'ಇಂದ್ರಶತ್ರು'ವು ಬೆಳೆಯಲೆಂದು ಹಾರೈಸಿದನು. ಇಂದ್ರನನ್ನು ಕೊಲ್ಲುವವನು ಎಂಬ ತತ್ಪುರುಷವು ಅವನ ಮನಸ್ಸಿನಲ್ಲಿದ್ದಿತು. ಅದಕ್ಕೆ ಉದಾತ್ತಸ್ವರವು ಪದದ ಕೊನೆಯಲ್ಲಿರಬೇಕು. ಅವನಾದರೋ ಅದನ್ನು ಮೊದಲಲ್ಲಿ ಉಚ್ಚರಿಸಿದನು. ಸಮಾಸವು ಬಹುವ್ರೀಹಿಯಾಯಿತು, 'ಇಂದ್ರನೇ ಯಾರಿಗೆ ಕೊಲ್ಲುವವನೋ ಅವನು' ಎಂಬ ಅರ್ಥ ಬಂದಿತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲಿಯೇ ಮಡಿದನು. ತಂದೆಯ ಹಾರೈಕೆಯೇ ಮಗನಿಗೆ ಮೃತ್ಯುವಾಯಿತು. ವ್ಯಾಕರಣವನ್ನು ಏಕೆ ಕಲಿಯಬೇಕೆಂಬುದಕ್ಕೆ ಪತಂಜಲಿಯು ಮಹಾಭಾಷ್ಯದ ಆರಂಭದಲ್ಲಿಯೇ ಈ ನಿದರ್ಶನವನ್ನು ಸ್ಮರಿಸುತ್ತಾನೆ.

ತಾಯ್ನಾಡಿನಿಂದ ದೂರದ ಮಹಾನಗರಗಳಲ್ಲಿ ಬೆಳೆಯುವ ಕನ್ನಡ ಮಕ್ಕಳು ಸ್ತೋತ್ರಗಳನ್ನು ಅನೇಕ ವೇಳೆ ಬೇರೆ ಲಿಪಿಯಲ್ಲಿ ಓದಿ ಬಾಯಿಪಾಠ ಮಾಡುತ್ತಾರೆ. ಧ್ವನಿ ಉಳಿಯುತ್ತದೆ, ಅರ್ಥ ಜಾರುತ್ತದೆ. ದೀಪ ಹಚ್ಚಿದ ಮೇಲೆ ದಿನಕ್ಕೊಂದು ನಾಮವನ್ನಾದರೂ ಹಿರಿಯರು ಬಿಡಿಸಿ ಹೇಳಬಹುದು. 'ಸಿಂಹ ಯಾವುದು, ವಾಹನ ಯಾವುದು, ಇವೆರಡನ್ನೂ ಉಳ್ಳವಳು ಯಾರು?' ಎಂದು ಕೇಳಿದರೆ ಸಾಕು. ಮೂರನೆಯ ಪ್ರಶ್ನೆಗೆ ಉತ್ತರ ಹೇಳುವ ಮಗುವಿನ ಕಣ್ಣು ತಾನಾಗಿಯೇ ಮಂಟಪದ ಕಡೆಗೆ ತಿರುಗುತ್ತದೆ.