ರಾಜನ ತೂಕ ಎಷ್ಟು?



ತೋಟದ ಮನೆ ಅಂದಮೇಲೆ ನಾಯಿ ಬೇಕೇ ಬೇಕು. ರಾತ್ರಿ ಎಲ್ಲ ಕಾವಲು ಕಾಯುತ್ತೆ. ಕುರಿ, ಕೋಳಿ ನೋಡಿಕೊಳ್ಳುತ್ತೆ. ನಮ್ಮನ್ನು ಕಾಯೋ ನಾಯಿಯನ್ನು ಕಾಯೋರು ಯಾರು? ನಾವೇ.

ನಾಯಿಯ ರಕ್ತ ಕುಡಿಯೋ ಜೀವಿಗಳು ಮುಖ್ಯವಾಗಿ ಮೂರು. ಉಣ್ಣಿ, ಚಿಗಟ, ಸೊಳ್ಳೆ. ಇವಕ್ಕೆ ಅಂಗಡಿಯಲ್ಲಿ ಬಗೆಬಗೆಯ ಔಷಧಿ ಸಿಗುತ್ತೆ. ಯಾವುದನ್ನು ಆರಿಸಬೇಕು? ಗಂಗಮ್ಮ ಅನ್ನೋ ಒಬ್ಬಾಕೆಯ ಕಥೆ ಮಾಡಿ ಇಲ್ಲಿ ಹೇಳಿದ್ದೇವೆ. ಓದಿ. ಗುಂಪಿನಲ್ಲಿ ಮಾತಾಡಿ.

ಬಾಟಲಿ ಮೇಲಿನ ಗುರುತು

ಗಂಗಮ್ಮನ ಮನೆ ನಾಯಿ ಹೆಸರು ರಾಜ. ದೊಡ್ಡ ನಾಯಿ. ಮೂರು ದಿನದಿಂದ ರಾಜ ಸರಿಯಾಗಿ ಊಟ ಮಾಡಿಲ್ಲ. ಮೂಲೆಯಲ್ಲಿ ಮಲಗಿದ್ದಾನೆ. ಕಿವಿ ಮಡಚಿ ನೋಡಿದರೆ ಒಳಗೆಲ್ಲ ಉಣ್ಣಿ. ಕಾಲಿನ ಬೆರಳ ಸಂದಿಯಲ್ಲೂ ಉಣ್ಣಿ.

ಪಕ್ಕದ ಮನೆ ಜಯಮ್ಮ ಬಂದಳು.

"ಇದಕ್ಕೆ ಯಾಕೆ ಯೋಚನೆ ಗಂಗಕ್ಕ? ತೋಟಕ್ಕೆ ಹೊಡೆಯೋ ಔಷಧಿ ಇದೆಯಲ್ಲ. ಒಂದು ಮುಚ್ಚಳ ನೀರಿಗೆ ಹಾಕಿ ಮೈಗೆ ಬಳಿ. ಎಲ್ಲಾ ಉದುರಿ ಹೋಗುತ್ತೆ" ಅಂದಳು.

ಗಂಗಮ್ಮ ಬಾಟಲಿ ಕೈಗೆ ತೆಗೆದುಕೊಂಡಳು. ಅವಳು ಆರು ತಿಂಗಳಿಂದ ಕಲಿಕಾ ಕೇಂದ್ರಕ್ಕೆ ಹೋಗ್ತಾ ಇದ್ದಾಳೆ. ಬಾಟಲಿ ಮೇಲೆ ಕೆಂಪು ಬಣ್ಣದ ಗುರುತು ಇತ್ತು. ತಲೆಬುರುಡೆಯ ಚಿತ್ರ ಇತ್ತು. ಪಕ್ಕದಲ್ಲಿ 'ವಿಷ' ಅಂತ ಬರೆದಿತ್ತು.

"ಜಯ, ಇಲ್ಲಿ ನೋಡು. ವಿಷ ಅಂತ ಬರೆದಿದೆ. ನಾಯಿ ಮೈ ನೆಕ್ಕುತ್ತೆ. ಮಕ್ಕಳು ನಾಯಿಯನ್ನು ತಬ್ಬಿಕೊಳ್ತಾರೆ. ಇದು ಬೇಡಮ್ಮ" ಅಂದಳು. ಬಾಟಲಿ ಮೇಲಿಟ್ಟಳು.

ಬೆಳೆಗೆ ಹೊಡೆಯೋ ಔಷಧಿಯ ಬಾಟಲಿ ಮೇಲೆ ನಾಲ್ಕು ಬಣ್ಣದಲ್ಲಿ ಒಂದು ಬಣ್ಣ ಇರುತ್ತೆ. ಕೆಂಪು ಅಂದರೆ ತೀರಾ ಹೆಚ್ಚು ವಿಷ. ಹಳದಿ ಅಂದರೆ ಹೆಚ್ಚು ವಿಷ. ನೀಲಿ ಅಂದರೆ ಮಧ್ಯಮ ವಿಷ. ಹಸಿರು ಅಂದರೆ ಸ್ವಲ್ಪ ವಿಷ. ಹಸಿರು ಇದ್ದರೂ ಅದು ಬೆಳೆಗೆ ಮಾತ್ರ. ನಾಯಿಯ ಮೈಗೆ ಅಲ್ಲ.

ಪಶು ಆಸ್ಪತ್ರೆಯಲ್ಲಿ

ಗಂಗಮ್ಮ ಮಗನ ಜೊತೆ ರಾಜನನ್ನು ಪಶು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ರಾಜನ ಜ್ವರ ನೋಡಿದರು. ತುಟಿ ಎತ್ತಿ ವಸಡು ನೋಡಿದರು. ವಸಡು ಬಿಳಿಚಿತ್ತು. ರಕ್ತ ಪರೀಕ್ಷೆ ಮಾಡಿಸಿದರು.

"ಇದು ಉಣ್ಣಿ ಜ್ವರ ಗಂಗಮ್ಮ. ಉಣ್ಣಿ ಬರೀ ರಕ್ತ ಕುಡಿಯಲ್ಲ. ಕಚ್ಚುವಾಗ ರೋಗಾಣುವನ್ನೂ ಬಿಡುತ್ತೆ. ನೀವು ಬೇಗ ಬಂದಿದ್ದು ಒಳ್ಳೆಯದಾಯಿತು. ಮೊದಲು ಜ್ವರಕ್ಕೆ ಔಷಧಿ ಕೊಡ್ತೀನಿ. ಆಮೇಲೆ ಉಣ್ಣಿಗೆ ಯಾವ ಔಷಧಿ ಅಂತ ನೋಡೋಣ" ಅಂದರು.

ಉಣ್ಣಿ ಜ್ವರದ ಗುರುತುಗಳು ಇವು:

ನಾಯಿ ಊಟ ಬಿಡುತ್ತೆ. ಮೈ ಸುಡುತ್ತೆ. ವಸಡು ಬಿಳಿಚುತ್ತೆ. ಕೆಲವು ನಾಯಿಗೆ ಮೂಗಿನಲ್ಲಿ ರಕ್ತ ಬರುತ್ತೆ. ಕೆಲವಕ್ಕೆ ಉಚ್ಚೆ ಕಾಫಿ ಬಣ್ಣಕ್ಕೆ ತಿರುಗುತ್ತೆ. ಇವುಗಳಲ್ಲಿ ಒಂದು ಕಂಡರೂ ತಡ ಮಾಡಬೇಡಿ. ಆಸ್ಪತ್ರೆ ದೂರ ಇದ್ದರೆ 1962 ನಂಬರಿಗೆ ಫೋನ್ ಮಾಡಿ. ಅದು ಪಶು ಚಿಕಿತ್ಸಾ ವಾಹನದ ನಂಬರು. ಫೋನಿಗೆ ದುಡ್ಡು ಬೀಳೋದಿಲ್ಲ.

ಮೂರು ಶತ್ರುಗಳು

ಉಣ್ಣಿ: ಕೆಲವು ಕಡೆ ಇದಕ್ಕೆ ಉಣುಗು ಅಂತಾರೆ. ಹೆಣ್ಣು ಉಣ್ಣಿ ರಕ್ತ ಕುಡಿದು ಹುರುಳಿಕಾಳಿನ ಹಾಗೆ ಊದಿಕೊಳ್ಳುತ್ತೆ. ಆಮೇಲೆ ಕೆಳಗೆ ಬೀಳುತ್ತೆ. ಗೋಡೆಯ ಬಿರುಕಿಗೆ ಹೋಗಿ ಸಾವಿರಾರು ಮೊಟ್ಟೆ ಇಡುತ್ತೆ. ಅದಕ್ಕೇ ನಾಯಿಯ ಮೈ ಮಾತ್ರ ತೊಳೆದರೆ ಸಾಲದು. ಗೋಡೆಯನ್ನೂ ನೋಡಬೇಕು.

ಚಿಗಟ: ಇದು ಹಾರುತ್ತೆ. ಬಾಲದ ಬುಡದಲ್ಲಿ, ಹೊಟ್ಟೆಯ ಕೆಳಗೆ ಹೆಚ್ಚು. ಇದರ ಮೊಟ್ಟೆ ನಾಯಿ ಮಲಗೋ ಗೋಣಿಚೀಲದ ಮೇಲೆ ಉದುರುತ್ತೆ. ಚಿಗಟ ನುಂಗಿದ ನಾಯಿಗೆ ಹೊಟ್ಟೆಯಲ್ಲಿ ಲಾಡಿಹುಳ ಆಗಬಹುದು.

ಚಿಗಟ ಇದೆಯೋ ಇಲ್ಲವೋ ನೋಡೋದು ಸುಲಭ. ನಾಯಿಯ ಕೂದಲು ಬಾಚಿ. ಉದುರಿದ ಕರಿ ಪುಡಿಯನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಹಾಕಿ. ಸ್ವಲ್ಪ ಹೊತ್ತಿಗೆ ಸುತ್ತ ಕೆಂಪಾದರೆ ಅದು ಚಿಗಟದ ಹಿಕ್ಕೆ. ಕುಡಿದ ರಕ್ತವೇ ಹಿಕ್ಕೆಯಲ್ಲಿ ಇರುತ್ತೆ. ಕೆಂಪಾಗದಿದ್ದರೆ ಬರೀ ಮಣ್ಣು.

ಸೊಳ್ಳೆ: ಸೊಳ್ಳೆ ಕಚ್ಚಿದರೆ ನಾಯಿಯ ಮೈಗೆ ದಾರದಂಥ ಹುಳುವಿನ ಮರಿ ಸೇರಬಹುದು. ಒಂದು ಜಾತಿಯ ಹುಳು ಚರ್ಮದ ಕೆಳಗೆ ಬೆಳೆಯುತ್ತೆ. ಇನ್ನೊಂದು ಜಾತಿ ಹೃದಯದ ಹತ್ತಿರದ ರಕ್ತನಾಳದಲ್ಲಿ ಬೆಳೆಯುತ್ತೆ. ಅದು ಪ್ರಾಣಕ್ಕೆ ಅಪಾಯ.

ಮೊದಲು ತೂಕ

"ರಾಜನ ತೂಕ ಎಷ್ಟು?" ಡಾಕ್ಟರಮ್ಮ ಕೇಳಿದರು.

"ದೊಡ್ಡ ನಾಯಿ ಡಾಕ್ಟ್ರೇ. ತೂಕ ಗೊತ್ತಿಲ್ಲ."

"ದೊಡ್ಡದು ಅಂದರೆ ಸಾಲದು. ಈ ಔಷಧಿಗಳನ್ನು ತೂಕ ನೋಡಿಯೇ ಕೊಡೋದು. ಕಡಿಮೆ ಕೊಟ್ಟರೆ ಉಣ್ಣಿ ಸಾಯಲ್ಲ. ದುಡ್ಡು ದಂಡ. ಹೆಚ್ಚು ಕೊಟ್ಟರೆ ನಾಯಿಗೆ ವಿಷ."

ಅಲ್ಲೇ ತೂಕದ ಯಂತ್ರ ಇತ್ತು. ರಾಜ ಅದರ ಮೇಲೆ ಒಂದು ಗಳಿಗೆ ನಿಲ್ಲಲಿಲ್ಲ. ಆಗ ಗಂಗಮ್ಮನ ಮಗ ರಾಜನನ್ನು ಎತ್ತಿಕೊಂಡು ಯಂತ್ರದ ಮೇಲೆ ನಿಂತ. ಆಮೇಲೆ ಒಬ್ಬನೇ ನಿಂತ. ಗಂಗಮ್ಮ ಲೆಕ್ಕ ಬರೆದಳು.

ಮಗ ಮತ್ತು ರಾಜ: 90 ಕೆ.ಜಿ.
ಮಗ ಒಬ್ಬನೇ: 58 ಕೆ.ಜಿ.
90 – 58 = 32

ರಾಜನ ತೂಕ 32 ಕೆ.ಜಿ.

ಸೊಸೈಟಿಯಲ್ಲಿ ಮೂಟೆ ತೂಗುವ ಯಂತ್ರ ಇದ್ದರೆ ನೀವೂ ಹೀಗೇ ತೂಗಬಹುದು.

ಔಷಧಿ ನಾಲ್ಕು ಬಗೆ

1. ಬೆನ್ನಿಗೆ ಹಾಕೋ ಹನಿ. ಕೂದಲು ಬಿಡಿಸಿ ಚರ್ಮದ ಮೇಲೆ ಹಾಕಬೇಕು. ಕತ್ತಿನ ಹಿಂದೆ, ನಾಲಿಗೆ ಎಟುಕದ ಜಾಗದಲ್ಲಿ. ದೊಡ್ಡ ನಾಯಿಗೆ ಕೆಲವು ಹನಿಯನ್ನು ಬೆನ್ನಿನ ಉದ್ದಕ್ಕೂ 3–4 ಕಡೆ ಹಾಕೋದು ಉಂಟು. ಹಾಕುವ 2 ದಿನ ಮೊದಲು, ಹಾಕಿದ 2 ದಿನ ಆಮೇಲೆ ಸ್ನಾನ ಬೇಡ. ಒಣಗೋ ತನಕ ಮಕ್ಕಳು ಮುಟ್ಟಬಾರದು. ಫಿಪ್ರೊನಿಲ್ ಅನ್ನೋ ಹನಿ ಉಣ್ಣಿ, ಚಿಗಟಕ್ಕೆ ಆಗುತ್ತೆ. ಸೊಳ್ಳೆಯನ್ನು ಓಡಿಸಲ್ಲ. ಪರ್ಮೆತ್ರಿನ್ ಇರುವ ಹನಿ ಸೊಳ್ಳೆಯನ್ನೂ ಓಡಿಸುತ್ತೆ. ಆದರೆ ಪರ್ಮೆತ್ರಿನ್ ಬೆಕ್ಕಿಗೆ ವಿಷ. ಮನೆಯಲ್ಲಿ ಬೆಕ್ಕು ಇದ್ದರೆ ಅದು ಬೇಡ.

2. ತಿನ್ನಿಸೋ ಮಾತ್ರೆ. ಔಷಧಿ ರಕ್ತಕ್ಕೆ ಸೇರುತ್ತೆ. ಕಚ್ಚಿದ ಉಣ್ಣಿ, ಚಿಗಟ ಸಾಯುತ್ತವೆ. ಅಫೋಕ್ಸೊಲಾನರ್ ಮಾತ್ರೆ ಒಂದು ತಿಂಗಳಿಗೆ. ಫ್ಲುರಲಾನರ್ ಮಾತ್ರೆ ಸುಮಾರು 12 ವಾರಕ್ಕೆ. ಕೆರೆ, ಕಾಲುವೆಗೆ ಇಳಿಯೋ ನಾಯಿಗೆ ಮಾತ್ರೆ ಒಳ್ಳೆಯದು. ನೀರಿನಲ್ಲಿ ತೊಳೆದುಹೋಗಲ್ಲ. ಬೆಲೆ ಹೆಚ್ಚು. ಮಾತ್ರೆ ಸೊಳ್ಳೆ ಕಚ್ಚುವುದನ್ನು ತಡೆಯಲ್ಲ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

3. ಕೊರಳಪಟ್ಟಿ. ಔಷಧಿ ಇರುವ ಪಟ್ಟಿ. ಹಲವು ತಿಂಗಳು ಬರುತ್ತೆ. ಡೆಲ್ಟಾಮೆತ್ರಿನ್ ಇರುವ ಪಟ್ಟಿ ಸೊಳ್ಳೆಯನ್ನೂ ದೂರ ಇಡುತ್ತೆ. ದೊಡ್ಡ ನಾಯಿಗೆ ಉದ್ದದ ಪಟ್ಟಿಯೇ ಬೇಕು. ಪಟ್ಟಿ ಮತ್ತು ಕತ್ತಿನ ನಡುವೆ ಎರಡು ಬೆರಳು ಹೋಗಬೇಕು. ಪಟ್ಟಿಯನ್ನು ಮಕ್ಕಳು ಬಾಯಿಗೆ ಹಾಕಬಾರದು. ಬೆಕ್ಕು ಇರುವ ಮನೆಯಲ್ಲಿ ಡಾಕ್ಟರನ್ನು ಕೇಳಿಯೇ ಕಟ್ಟಿ.

4. ನೀರಿಗೆ ಬೆರೆಸಿ ಮೈಗೆ ಹಾಕೋ ಔಷಧಿ. ಅಮಿಟ್ರಾಜ್ ಇಂಥದ್ದು. ಬೆಲೆ ಕಡಿಮೆ. ಉಣ್ಣಿಗೆ ಆಗುತ್ತೆ. ಚಿಗಟಕ್ಕೆ ಅಷ್ಟಾಗಿ ಆಗಲ್ಲ. ಹೊಟ್ಟೆಗೆ ಹೋದರೆ ವಿಷ. ಡಾಕ್ಟರು ಹೇಳಿದಷ್ಟೇ ನೀರಿಗೆ ಹಾಕಬೇಕು. ಕೈಗೆ ಗ್ಲೌಸ್ ಬೇಕು. ಮನೆ ಹೊರಗೆ ಹಾಕಬೇಕು. ಒಣಗೋ ತನಕ ನಾಯಿ ಮೈ ನೆಕ್ಕಬಾರದು. ಸಣ್ಣ ಮರಿಗೆ ಬೇಡ.

ಹಾಗಾದರೆ ರಾಜನಿಗೆ ಯಾವುದು? ಡಾಕ್ಟರಮ್ಮ ಮೂರು ಪ್ರಶ್ನೆ ಕೇಳಿದರು.

"ಮನೆಯಲ್ಲಿ ಬೆಕ್ಕು ಇದೆಯಾ?" "ಇದೆ ಡಾಕ್ಟ್ರೇ. ರಾಜನ ಪಕ್ಕದಲ್ಲೇ ಮಲಗುತ್ತೆ."

"ರಾಜ ನೀರಿಗೆ ಇಳಿಯುತ್ತಾನಾ?" "ದಿನಾ ಕಾಲುವೆಗೆ ಬೀಳ್ತಾನೆ."

"ಫಿಟ್ಸ್ ಬಂದಿತ್ತಾ?" "ಇಲ್ಲ."

"ಹಾಗಾದರೆ ಮಾತ್ರೆಯೇ ಸರಿ. ಬೆಕ್ಕಿಗೂ ತೊಂದರೆ ಇಲ್ಲ, ನೀರಿನಲ್ಲೂ ಹೋಗಲ್ಲ. ಸೊಳ್ಳೆಯಿಂದ ಬರೋ ಹುಳುವಿಗೆ ಬೇರೆ ಔಷಧಿ ಇದೆ. ಅದನ್ನು ರಕ್ತ ನೋಡಿ ಆಮೇಲೆ ಕೊಡ್ತೀನಿ. ಮೈಯಲ್ಲಿ ಹುಳು ಇದ್ದಾಗ ಕೇಳದೆ ಕೊಟ್ಟರೆ ಅಪಾಯ ಆಗಬಹುದು" ಅಂದರು.

ನಿಮ್ಮ ಮನೆಯಲ್ಲಿ ಬೆಕ್ಕು ಇಲ್ಲದಿರಬಹುದು. ನಿಮ್ಮ ನಾಯಿ ನೀರಿಗೆ ಇಳಿಯದಿರಬಹುದು. ಆಗ ನಿಮಗೆ ಹನಿಯೋ ಪಟ್ಟಿಯೋ ಸರಿಹೋಗಬಹುದು. ಪಕ್ಕದ ಮನೆಯವರು ತಂದರು ಅಂತ ಅದನ್ನೇ ತರಬೇಡಿ.

ಪೊಟ್ಟಣ ಓದೋಣ

ಔಷಧಿಯ ಪೊಟ್ಟಣದ ಮೇಲೆ ಇಂಗ್ಲಿಷ್ ಅಕ್ಷರ ಇರುತ್ತೆ. ಹೆದರಬೇಡಿ. ಅಂಕಿ ನಮಗೆ ಗೊತ್ತು. ನಾಲ್ಕು ವಿಷಯ ನೋಡಿ:

ಒಂದು, ಚಿತ್ರ. ನಾಯಿಯ ಚಿತ್ರ ಇದೆಯಾ? ದನದ ಚಿತ್ರ ಇದ್ದರೆ ಬೇಡ. ಕೆಲವು ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರಕ್ಕೆ ಅಡ್ಡಗೆರೆ ಎಳೆದಿರುತ್ತಾರೆ. ಬೆಕ್ಕಿಗೆ ಬೇಡ ಅಂತ ಅರ್ಥ.

ಎರಡು, ತೂಕ. ಗಂಗಮ್ಮ ಅಂಗಡಿಯಲ್ಲಿ ಕೇಳಿದಾಗ ಒಂದು ಮಾತ್ರೆಯ ಪೊಟ್ಟಣದ ಮೇಲೆ 20–40 ಅಂತ ಇತ್ತು. ಇನ್ನೊಂದರ ಮೇಲೆ 25–50 ಅಂತ ಇತ್ತು. ರಾಜನ 32 ಎರಡರಲ್ಲೂ ಬರುತ್ತೆ. ಎಲ್ಲಾ ನಾಯಿಗೂ ಹೀಗೆ ಆಗಲ್ಲ. ಕಂಪನಿ ಬದಲಾದರೆ ಅಂಕಿಯೂ ಬದಲಾಗುತ್ತೆ.

ಮೂರು, ತಾರೀಕು. ಪೊಟ್ಟಣದ ಮೇಲೆ ಎರಡು ತಾರೀಕು ಇರುತ್ತೆ. ಮೊದಲಿನದು ತಯಾರಾದ ತಿಂಗಳು. ಎರಡನೆಯದು ಅವಧಿ ಮುಗಿಯೋ ತಿಂಗಳು. ಅವಧಿ ಮುಗಿದಿದ್ದರೆ ವಾಪಸ್ ಕೊಡಿ.

ನಾಲ್ಕು, ಎಷ್ಟು ದಿನಕ್ಕೆ. ಗಂಗಮ್ಮ 12 ವಾರದ ಮಾತ್ರೆ ತಂದಳು. 12 ವಾರ ಅಂದರೆ 84 ದಿನ. ಜೂನ್ 1ಕ್ಕೆ ಊಟದ ಜೊತೆ ತಿನ್ನಿಸಿದಳು. ಕ್ಯಾಲೆಂಡರಿನಲ್ಲಿ ಆಗಸ್ಟ್ 24ಕ್ಕೆ ಗುರುತು ಹಾಕಿದಳು. ಪಕ್ಕದಲ್ಲಿ 'ರಾಜನ ಮಾತ್ರೆ' ಅಂತ ತಾನೇ ಬರೆದಳು.

ದೊಡ್ಡ ನಾಯಿಯ ಮಾತ್ರೆ ಮುರಿದು ಎರಡು ಸಣ್ಣ ನಾಯಿಗೆ ಕೊಡಬೇಡಿ. ಅಳತೆ ತಪ್ಪುತ್ತೆ.

ಮನೆಯಲ್ಲಿ ಮಾಡೋ ಕೆಲಸ

ಔಷಧಿ ಅರ್ಧ ಕೆಲಸ ಮಾಡುತ್ತೆ. ಉಳಿದ ಅರ್ಧ ನಮ್ಮ ಕೈಯಲ್ಲಿ.

ದಿನಾ ಸಂಜೆ ನಾಯಿಯ ಕಿವಿ, ಕತ್ತು, ಬೆರಳ ಸಂದಿ ನೋಡಿ. ಉಣ್ಣಿ ಕಂಡರೆ ಚಿಮಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ. ಸೋಪಿನ ನೀರಿಗೆ ಹಾಕಿ. ಉಗುರಿನಲ್ಲಿ ಕುಕ್ಕಬೇಡಿ. ಬೀಡಿಯಿಂದ ಸುಡಬೇಡಿ. ಸೀಮೆಎಣ್ಣೆ ಹಚ್ಚಬೇಡಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ.

ನಾಯಿ ಮಲಗೋ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯೋ ನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಹಾಕಿ. ಆ ಜಾಗ ಗುಡಿಸಿ. ಗೋಡೆಯ ಬಿರುಕನ್ನು ಮಣ್ಣಿನಿಂದಲೋ ಸಿಮೆಂಟಿನಿಂದಲೋ ಮುಚ್ಚಿ.

ನಾಯಿಯ ನೀರಿನ ಬಟ್ಟಲನ್ನು ದಿನಾ ತೊಳೆಯಿರಿ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಉಜ್ಜಿ. ಮೊಟ್ಟೆಯಿಂದ ಸೊಳ್ಳೆ ಆಗೋಕೆ ಸುಮಾರು ಒಂದು ವಾರ ಬೇಕು. ಅಷ್ಟರೊಳಗೆ ನೀರು ಚೆಲ್ಲಿದರೆ ಸೊಳ್ಳೆ ಆಗಲ್ಲ. ಇದರಿಂದ ಮನೆಮಂದಿಗೂ ಒಳ್ಳೆಯದು.

ಬೇವಿನ ಎಣ್ಣೆ ಹಚ್ಚುವವರು ಇದ್ದಾರೆ. ಅದರ ಗುಣ ಹೆಚ್ಚು ಹೊತ್ತು ಇರೋದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಮಲೆನಾಡಿನ ಅಕ್ಕಂದಿರಿಗೆ ಒಂದು ಮಾತು. ಮಂಗನ ಕಾಯಿಲೆ ಹರಡೋದೂ ಉಣ್ಣಿಯಿಂದಲೇ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಹತ್ತಿರ ಇದು ಮೊದಲು ಗೊತ್ತಾಯಿತು. ಅದು ಕಾಡಿನ ಉಣ್ಣಿ, ಬೇರೆ ಜಾತಿ. ಕಾಡಿಗೆ ಹೋಗಿ ಬಂದ ನಾಯಿ, ದನದ ಮೈಯನ್ನು ಹೊರಗೇ ನೋಡಿ. ನಿಮ್ಮ ಮೈ, ಬಟ್ಟೆಯನ್ನೂ ನೋಡಿಕೊಳ್ಳಿ. ಜ್ವರ ಬಂದರೆ ಆಸ್ಪತ್ರೆಗೆ ಹೋಗಿ.

ನೆನಪಿಡಿ

• ಬೆಳೆಯ ಔಷಧಿ ನಾಯಿಗೆ ಬೇಡ.
• ಮೊದಲು ತೂಕ, ಆಮೇಲೆ ಔಷಧಿ.
• ಬೆಕ್ಕು ಇದೆಯಾ, ನೀರಿಗೆ ಇಳಿಯುತ್ತಾ, ಫಿಟ್ಸ್ ಇದೆಯಾ, ಡಾಕ್ಟರಿಗೆ ಹೇಳಿ.
• ಪೊಟ್ಟಣದ ಅಂಕಿ ಓದದೆ ದುಡ್ಡು ಕೊಡಬೇಡಿ.

ಅಭ್ಯಾಸ

1. ಜಯಮ್ಮನ ಮನೆಯದು ಮುಧೋಳ ನಾಯಿ. ಅದನ್ನು ಎತ್ತಿಕೊಂಡು ನಿಂತಾಗ 79 ಕೆ.ಜಿ. ಎತ್ತಿದವರು ಒಬ್ಬರೇ ನಿಂತಾಗ 55 ಕೆ.ಜಿ. ನಾಯಿಯ ತೂಕ ಎಷ್ಟು?

2. ಒಂದು ಕಂಪನಿಯ ಪೊಟ್ಟಣಗಳು: 10–20, 20–40. ಇನ್ನೊಂದು ಕಂಪನಿಯವು: 10–25, 25–50. ಜಯಮ್ಮ ಪ್ರತಿ ಕಂಪನಿಯಲ್ಲಿ ಯಾವ ಪೊಟ್ಟಣ ಕೇಳಬೇಕು? 'ದೊಡ್ಡ ನಾಯಿಗೆ ಕೊಡಿ' ಅಂತ ಕೇಳಿದರೆ ಏನು ತಪ್ಪಾಗಬಹುದು?

3. ಬಿಟ್ಟ ಜಾಗ ತುಂಬಿ:
ಹೆಣ್ಣು ಉಣ್ಣಿ ಗೋಡೆಯ ________ನಲ್ಲಿ ಮೊಟ್ಟೆ ಇಡುತ್ತೆ.
ಪರ್ಮೆತ್ರಿನ್ ________ಗೆ ವಿಷ.
12 ವಾರ ಅಂದರೆ ________ ದಿನ.

4. ನಿಮ್ಮ ಮನೆಯಲ್ಲಿರುವ ಯಾವುದಾದರೂ ಔಷಧಿಯ ಪೊಟ್ಟಣ ತನ್ನಿ. ಅವಧಿ ಮುಗಿಯೋ ತಿಂಗಳು, ವರ್ಷ ಹುಡುಕಿ ಬರೆಯಿರಿ.